ಕೊಬ್ಬು ಕರಗಲಿ, ಕಸುವು ಬೆಳೆಯಲಿ

ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕಡೆ ಕನ್ನಡದವರು ಗರಡಿ ಎಂದರೆ ಮರಾಠಿಯವರು ತಾಲೀಮ್ ಎನ್ನುತ್ತಾರೆ. ಹೆಸರು ಎರಡಾದರೂ ಕೆಮ್ಮಣ್ಣು ಒಂದೇ, ಗೋಡೆಯ ಮೇಲಿನ ಹನುಮಂತನೂ ಒಬ್ಬನೇ. ಈಗ ಜಿಮ್ ಎಂಬ ಮೂರನೆಯ ಹೆಸರೂ ಬಂದಿದೆ. ಮೊಬೈಲಿನಲ್ಲಿ ದಿನಕ್ಕೊಂದು ವ್ಯಾಯಾಮ ಕಲಿಸುವವರೂ ಇದ್ದಾರೆ. ಹೊಟ್ಟೆ ಇಳಿಯಬೇಕು, ಮೈ ಗಟ್ಟಿಯಾಗಬೇಕು ಎನ್ನುವವರು ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ಕುಸ್ತಿ ಬಿಟ್ಟ ಪೈಲ್ವಾನನ ಹೊಟ್ಟೆ ಬೆಳೆದರೆ "ಕಸುವೆಲ್ಲ ಕೊಬ್ಬಾಯಿತು" ಎನ್ನುವುದುಂಟು. ಹಾಗೆ ಆಗುವುದಿಲ್ಲ. ಸ್ನಾಯು ಬೇರೆ, ಕೊಬ್ಬು ಬೇರೆ. ಸಾಮು ನಿಂತಿತು, ಸ್ನಾಯು ಸೊರಗಿತು. ಹಾಲು, ತುಪ್ಪ, ಬದಾಮಿಯ ಖುರಾಕು ಮಾತ್ರ ನಿಲ್ಲಲಿಲ್ಲ, ಕೊಬ್ಬು ಸೇರಿತು. ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಕೊಬ್ಬು ಇಳಿಯುವುದು ಮುಖ್ಯವಾಗಿ ಊಟದ ಲೆಕ್ಕದಿಂದ, ಸ್ನಾಯು ಬೆಳೆಯುವುದು ಭಾರದ ಕೆಲಸದಿಂದ. ಬರೀ ಉಪವಾಸ ಮಾಡಿದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಹೋಗುತ್ತದೆ. ಹೊಟ್ಟೆಯ ವ್ಯಾಯಾಮವೊಂದನ್ನೇ ಮಾಡಿದರೆ ಹೊಟ್ಟೆಯ ಕೊಬ್ಬಷ್ಟೇ ಕರಗುವುದೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ಸರಳವಾಗಿದೆ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಶ್ರಮ, ಜೊತೆಗೆ ಕನಿಷ್ಠ 2 ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ನೀವು ಆರಿಸುವ ಕ್ರಮದಲ್ಲಿ ಇವೆರಡೂ ಇವೆಯೇ ನೋಡಿರಿ.

ಬಲದ ವ್ಯಾಯಾಮಕ್ಕೆ ಯಂತ್ರವೇ ಬೇಕೆಂದಿಲ್ಲ. ದಂಡ, ಬೈಠಕ ಸಾಕಷ್ಟು ಹಳೆಯವು, ಸಾಕಷ್ಟು ಒಳ್ಳೆಯವು. ದಂಡ ಆಗದವರು ಮೊದಲು ಗೋಡೆಗೆ, ಆಮೇಲೆ ಗಟ್ಟಿಯಾದ ಕಟ್ಟೆಗೆ ಕೈಯೂರಿ ಮಾಡಲಿ. ಮೊಣಕಾಲು ನೋವಿನವರು ಕುರ್ಚಿಯ ಮೇಲೆ ಕುಳಿತು ಏಳಲಿ. ಮರಳಿನ ಚೀಲ ಎತ್ತುವುದು, ಹಗ್ಗ ಹಿಡಿದು ಜಗ್ಗುವುದು ಬೆನ್ನಿಗೆ ಒಳ್ಳೆಯದು. ಒಂದೊಂದನ್ನೂ 8ರಿಂದ 12 ಸಲ, ಮೂರು ಸುತ್ತು, ದಿನ ಬಿಟ್ಟು ದಿನ ಮಾಡಿರಿ. ಕೊನೆಯ ಎರಡು ಸಲ ಕಷ್ಟವೆನಿಸಬೇಕು. 12 ಸುಲಭವಾದಾಗ ಭಾರ ಸ್ವಲ್ಪ ಹೆಚ್ಚಿಸಬೇಕು. ಹೀಗೆ ಮೆಲ್ಲಗೆ ಏರದ ಕ್ರಮದಿಂದ ಸ್ನಾಯು ಬೆಳೆಯದು.

"ಹೊಲದ ಕೆಲಸ ಸಾಲದೇ?" ಎಂದು ಕೇಳಬಹುದು. ಬಿತ್ತನೆಗೆ ಟ್ರ್ಯಾಕ್ಟರ್, ಪೇಟೆಗೆ ಮೋಟರ್ ಸೈಕಲ್ ಬಂದ ಮೇಲೆ ಆ ಶ್ರಮ ಬಹಳ ಮನೆಗಳಲ್ಲಿ ಕಡಿಮೆಯಾಗಿದೆ. ಉಳಿದದ್ದೂ ಸುಗ್ಗಿಯ ಕೆಲವು ವಾರಗಳದ್ದು.

ತಾಯಂದಿರಿಗೂ ಇದೇ ಮಾತು. ಭಾರ ಎತ್ತಿದರೆ ಹೆಂಗಸರ ಮೈ ಗಂಡಸಿನಂತಾಗುತ್ತದೆ ಎಂಬ ಭಯ ಬೇಡ. ಊಟದ ನಂತರ ರಕ್ತದಲ್ಲಿನ ಸಕ್ಕರೆಯ ಬಹುಪಾಲನ್ನು ಹೀರಿಕೊಳ್ಳುವುದು ಸ್ನಾಯುವೇ. ಸಕ್ಕರೆ ಕಾಯಿಲೆ ಮನೆಮನೆಗೂ ಬರುತ್ತಿರುವಾಗ, ಮುಪ್ಪಿನಲ್ಲಿ ಬಿದ್ದು ಎಲುಬು ಮುರಿಯುವಾಗ, ಕಸುವು ಬರೀ ಚೆಂದದ ಮಾತಲ್ಲ.

ಇನ್ನು ಊಟ. 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ಸ್ನಾಯು ಬೆಳೆಸುವವರಿಗೆ 70 ಗ್ರಾಂ ಅಥವಾ ಇನ್ನೂ ಹೆಚ್ಚು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ದೊಡ್ಡ ಲೋಟ ಹಾಲಿನಲ್ಲಿ 8 ಗ್ರಾಂ ಇರುತ್ತದೆ. ಬೇಳೆ, ಮೊಳಕೆ ಮಡಕಿ, ಮೊಸರು ಹೆಚ್ಚಿಸಿ, ರೊಟ್ಟಿ ಒಂದು ಕಡಿಮೆ ಮಾಡಿರಿ. ಶೇಂಗಾ ಹಿಂಡಿ ಒಳ್ಳೆಯದೇ, ಆದರೆ ಶೇಂಗಾದ ತೂಕದಲ್ಲಿ ಅರ್ಧದಷ್ಟು ಎಣ್ಣೆ. ಚಮಚದ ಲೆಕ್ಕವಿರಲಿ. ಸಾಲ ಮಾಡಿ ಪುಡಿಯ ಡಬ್ಬಿ ಕೊಳ್ಳಬೇಕಾಗಿಲ್ಲ. ತಿಂಗಳಲ್ಲಿ ಹತ್ತು ಕಿಲೋ ಇಳಿಸುತ್ತೇವೆ ಎನ್ನುವವರಿಂದ ದೂರವಿರಿ. ವಾರಕ್ಕೆ ಅರ್ಧ ಕಿಲೋ ಸಾಕು.

ತಕ್ಕಡಿಯನ್ನೊಂದೇ ನಂಬಬೇಡಿರಿ. ಕೊಬ್ಬು ಇಳಿದು ಸ್ನಾಯು ಬೆಳೆದರೆ ತೂಕ ನಿಂತಲ್ಲೇ ನಿಂತೀತು. ದರ್ಜಿಯ ಟೇಪಿನಿಂದ ತಿಂಗಳಿಗೊಮ್ಮೆ ಸೊಂಟ ಅಳೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರಿನೊಳಗೆ ಇರಬೇಕು. ಎದೆನೋವು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕೇಳಲೇಬೇಕು.

ಕೊನೆಯ ಪರೀಕ್ಷೆ ಇದು. ಜೋಳದ ರಾಶಿಯ ದಿನಗಳಲ್ಲೂ ನಡೆಸಿಕೊಂಡು ಹೋಗಬಲ್ಲಿರಾ? ಆಗ ವಾರಕ್ಕೆ ಒಂದೇ ದಿನ ಮಾಡಿದರೂ ಗಳಿಸಿದ ಕಸುವು ಬಹುಮಟ್ಟಿಗೆ ಉಳಿಯುತ್ತದೆ. ಪೂರ್ತಿ ಬಿಡಬೇಡಿರಿ. ಗರಡಿಯಾಗಲಿ, ಜಿಮ್ ಆಗಲಿ, ಮನೆಯ ಅಂಗಳವಾಗಲಿ, ವರ್ಷ ಕಳೆದರೂ ನೀವು ಬಿಡದಿರುವುದೇ ನಿಮಗೆ ತಕ್ಕ ತಾಲೀಮು.