ನಕ್ಷೆಯಲ್ಲಿಲ್ಲದ ಮನೆಗಳು

ಒಂದು ಊರಿನ ನಕ್ಷೆ ನಿಮ್ಮ ಮುಂದಿದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಖಾಲಿ ಎಂದು ತೋರಿಸಿದ ಜಾಗದಿಂದ ದಿನವೂ ಒಲೆಯ ಹೊಗೆ ಏಳುತ್ತಿದೆ. ನೀವು ನಕ್ಷೆಯನ್ನು ನಂಬುತ್ತೀರೋ, ಹೊಗೆಯನ್ನೋ? ಕ್ಷಯರೋಗದ ಸೂಕ್ಷ್ಮಾಣುವಿನ ವಿಚಾರದಲ್ಲಿ ಇಂಥದೇ ಪ್ರಶ್ನೆ ಎದ್ದಿತು.

ಆ ಸೂಕ್ಷ್ಮಾಣುವಿನ ಜೀನೋಮನ್ನು, ಅಂದರೆ ಅದರ ಇಡೀ ವಂಶವಾಹಿ ಬರಹವನ್ನು, ವಿಜ್ಞಾನಿಗಳು 1998ರಲ್ಲಿ ಓದಿ ಮುಗಿಸಿದರು. ಸುಮಾರು 44 ಲಕ್ಷ ಅಕ್ಷರಗಳು. ಹಳೆಯ ಶಾಸನದ ಹಾಗೆ ನಡುವೆ ತೆರಪಿಲ್ಲ. ಪದ ಎಲ್ಲಿ ಮೊದಲಾಯಿತು, ಎಲ್ಲಿ ಮುಗಿಯಿತು ಎಂಬುದನ್ನು ಓದುವವರೇ ಬಿಡಿಸಿಕೊಳ್ಳಬೇಕು. ಗಣಕಯಂತ್ರ ಲೆಕ್ಕ ಹಾಕಿ ಸುಮಾರು 4,000 ಜೀನ್‌ಗಳನ್ನು ಗುರುತಿಸಿತು. ಅದರಲ್ಲಿ ಊಹೆಯ ಪಾಲೂ ಇತ್ತು.

ಊಹೆಗೆ ಸಾಕ್ಷಿ ಬೇಕಲ್ಲವೇ? ಇಂಥ ಜೀನ್ ಕೆಲಸ ಮಾಡಿದರೆ ಪ್ರೋಟೀನ್ ತಯಾರಾಗುತ್ತದೆ. ಅದೇ ಒಲೆಯ ಹೊಗೆ. ಪ್ರೋಟೀನುಗಳನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ತುಂಡರಿಸುತ್ತಾರೆ. ತಿಂದ ಬೇಳೆಕಾಳನ್ನು ಅರಗಿಸಲು ನಮ್ಮ ಕರುಳಿನಲ್ಲಿಯೂ ಈ ಕಿಣ್ವವಿದೆ. ಆ ತುಂಡುಗಳಿಗೆ ಪೆಪ್ಟೈಡ್ ಎಂದು ಹೆಸರು. ಸೂಕ್ಷ್ಮ ಯಂತ್ರವೊಂದು ಅವನ್ನು ತೂಗುತ್ತದೆ. ಇನ್ನಷ್ಟು ಒಡೆದು ಆ ಚೂರುಗಳನ್ನೂ ತೂಗುತ್ತದೆ.

ಮುಂದಿನದು ತಂತ್ರಾಂಶದ ಕೆಲಸ. ಜೀನೋಮಿನ ಮೂರು ಅಕ್ಷರಕ್ಕೆ ಪ್ರೋಟೀನ್ ಸರದ ಒಂದು ಮಣಿ. ಎಣಿಕೆಯನ್ನು ಮೊದಲ, ಎರಡನೆಯ ಅಥವಾ ಮೂರನೆಯ ಅಕ್ಷರದಿಂದ ಆರಂಭಿಸಬಹುದು. ಜೀನೋಮಿಗೆ ಎಳೆಗಳು ಎರಡು. ಆದ್ದರಿಂದ ಆರು ಬಗೆಯ ಓದು. ತಂತ್ರಾಂಶ ಆರನ್ನೂ ಓದಿ, ಯಾವ ಕಡೆಯಿಂದ ಎಷ್ಟು ತೂಕದ ತುಂಡು ಬರಬೇಕೆಂದು ಲೆಕ್ಕ ಹಾಕಿ, ಯಂತ್ರ ಕೊಟ್ಟ ತೂಕದೊಡನೆ ತಾಳೆ ನೋಡುತ್ತದೆ.

ಇಲ್ಲಿ ಎಚ್ಚರವೂ ಬೇಕು. ಒಂದೇ ಹೆಸರಿನವರು ಊರಲ್ಲಿ ಇಬ್ಬರಿದ್ದರೆ ಅಂಚೆಯವನು ಕಾಗದವನ್ನು ಯಾರಿಗೆ ಕೊಟ್ಟಾನು? ಎರಡು ಕಡೆ ಹೊಂದುವ ಪೆಪ್ಟೈಡ್ ಖಚಿತ ಸಾಕ್ಷಿಯಾಗದು. ಆಕಸ್ಮಿಕವಾಗಿ ಎಷ್ಟು ಹೊಂದುತ್ತವೆಂದು ಅಳೆಯಲು, ಹಿಂದುಮುಂದಾಗಿ ಬರೆದ ಸುಳ್ಳು ಪಟ್ಟಿಯೊಂದನ್ನೂ ತಂತ್ರಾಂಶಕ್ಕೆ ಕೊಡುತ್ತಾರೆ.

ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಸಂಸ್ಥೆಯ ವಿಜ್ಞಾನಿಗಳು ಸಹೋದ್ಯೋಗಿಗಳೊಡನೆ ಈ ಕೆಲಸ ಮಾಡಿ 2011ರಲ್ಲಿ ಪ್ರಕಟಿಸಿದರು. 3,176 ಪ್ರೋಟೀನುಗಳು ಸಿಕ್ಕವು. ಪಟ್ಟಿಯಲ್ಲೇ ಇಲ್ಲದ 41 ಜೀನ್‌ಗಳು ಕಂಡವು. 79 ಜೀನ್‌ಗಳ ಗಡಿಯನ್ನೋ ವಿವರವನ್ನೋ ತಿದ್ದಬೇಕಾಯಿತು. ಹದಿಮೂರು ವರ್ಷ ಎಲ್ಲರ ಕಣ್ಣೆದುರಿಗೇ ಇದ್ದ ಬರಹವಿದು!

ಇದರಿಂದ ನಾಳೆಯೇ ಹೊಸ ಮದ್ದು ಬಂದೀತೆಂದಲ್ಲ. ಆದರೆ ಮದ್ದು ಹುಡುಕುವವರಿಗೆ ಪಟ್ಟಿ ಪೂರ್ತಿ ಇರಬೇಕು. ಪಟ್ಟಿಯಿಂದ ಹೆಸರು ಬಿಟ್ಟುಹೋದರೆ ಏನಾಗುತ್ತದೆಂದು ಗಡಿನಾಡಿನ ನಿಮಗೆ ಹೇಳಬೇಕಿಲ್ಲ.

ಅಲ್ಲಿಯವರೆಗೆ ನಮ್ಮ ಕೈಲಿರುವ ಕೆಲಸ ಒಂದಿದೆ. ಎರಡು ವಾರ ದಾಟಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಗುಣವಾದಂತೆ ಕಂಡರೂ ಮದ್ದನ್ನು ನಡುವೆ ಬಿಡಬೇಡಿ.