ಬಟ್ಟೆ ಹೊದ್ದ ಯುದ್ಧವಿಮಾನ

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಆಕಾಶವನ್ನು ಕಾಯ್ದ ವಿಮಾನ ಯಾವುದೆಂದು ಕೇಳಿದರೆ ಹೆಚ್ಚಿನವರ ಬಾಯಲ್ಲಿ ಬರುವ ಹೆಸರು ಸ್ಪಿಟ್‌ಫೈರ್. ಆದರೆ ಲೆಕ್ಕ ಬೇರೆಯೇ ಇದೆ. 1940ರ ಆಗಸ್ಟ್‌ನಲ್ಲಿ ಸ್ಪಿಟ್‌ಫೈರ್‌ನ 19 ಸ್ಕ್ವಾಡ್ರನ್‌ಗಳಿದ್ದರೆ ಹರಿಕೇನ್‌ನವು 32. ಜರ್ಮನ್ ವಿಮಾನಗಳನ್ನು ಹೆಚ್ಚಾಗಿ ಉರುಳಿಸಿದ್ದೂ ಹರಿಕೇನೇ.

ಹಾಕರ್ ಕಂಪೆನಿಯ ಸಿಡ್ನಿ ಕ್ಯಾಮ್ ರೂಪಿಸಿದ ಈ ವಿಮಾನ ಮೊದಲು ಹಾರಿದ್ದು 1935ರ ನವೆಂಬರ್ 6ರಂದು. ರೋಲ್ಸ್‌ರಾಯ್ಸ್‌ನ ಮರ್ಲಿನ್ ಎಂಜಿನ್, ಒಳಕ್ಕೆ ಮಡಚಿಕೊಳ್ಳುವ ಗಾಲಿ, ಎಂಟು ಮೆಷಿನ್‌ಗನ್ನು, ಇವೆಲ್ಲ ಆ ಕಾಲಕ್ಕೆ ಹೊಸವು. ಒಡಲು ಮಾತ್ರ ಹಳೆಯ ಪದ್ಧತಿಯದು: ಲೋಹದ ಕೊಳವೆಗಳ ಚೌಕಟ್ಟು, ಅದರ ಹಿಂಭಾಗಕ್ಕೆ ಬಿಗಿದ ಬಟ್ಟೆ. ಮೊದಮೊದಲು ರೆಕ್ಕೆಗೂ ಬಟ್ಟೆಯೇ. ನಗಬೇಡಿ, ಕಷ್ಟಕಾಲಕ್ಕೆ ಒದಗಿದ್ದು ಈ ಹಳೆಯತನವೇ. ಸ್ಪಿಟ್‌ಫೈರ್‌ನ ಲೋಹದ ಮೈಯನ್ನು ಕಟ್ಟುವುದು ಕಾರ್ಖಾನೆಗಳಿಗೆ ಕಷ್ಟವಾಗಿತ್ತು. ಹರಿಕೇನನ್ನು ಬೇಗ ಕಟ್ಟಬಹುದಿತ್ತು. ಗುಂಡು ಎಷ್ಟೋ ಸಲ ಬಟ್ಟೆಯನ್ನು ತೂರಿ ಆಚೆ ಹೋಗುತ್ತಿತ್ತು. ತೂತಿಗೆ ತೇಪೆ ಹಾಕಿದರಾಯಿತು, ವಿಮಾನ ಮತ್ತೆ ಸಿದ್ಧ. ವೇಗದಲ್ಲಿ ಅದು ಜರ್ಮನಿಯ ಮೆಸ್ಸರ್‌ಸ್ಮಿಟ್ 109ಕ್ಕೆ ಸಾಟಿಯಲ್ಲ. ಅದಕ್ಕೇ ಸಾಧ್ಯವಾದಾಗಲೆಲ್ಲ ಅದನ್ನು ಬಾಂಬರ್‌ಗಳ ಮೇಲೆ ಬಿಡುತ್ತಿದ್ದರು.

ಒಂದು ದೋಷ ಮಾತ್ರ ಭಯಂಕರವಾದದ್ದು. ಪೈಲಟ್‌ನ ಎದುರಿಗೇ ಒಂದು ಪೆಟ್ರೋಲ್ ಟ್ಯಾಂಕ್. ಗುಂಡಿನ ತೂತನ್ನು ತಾನಾಗಿ ಮುಚ್ಚಿಕೊಳ್ಳುವ ಹೊದಿಕೆ ಅದಕ್ಕೆ ಮೊದಲಿಗೆ ಇರಲಿಲ್ಲ. ಬೆಂಕಿ ಹತ್ತಿದರೆ ಜ್ವಾಲೆ ನೇರ ಮುಖಕ್ಕೆ, ಕೈಗೆ. ಈಸ್ಟ್ ಗ್ರಿನ್‌ಸ್ಟೆಡ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಆರ್ಚಿಬಾಲ್ಡ್ ಮೆಕಿಂಡೊ ಹೀಗೆ ಸುಟ್ಟ ವೈಮಾನಿಕರಿಗೆ ಚರ್ಮ ಕಸಿ ಮಾಡಿ ಹೊಸ ಮುಖ ಕೊಡಲು ಹೆಣಗಿದರು. ರೋಗಿಗಳು 1941ರಲ್ಲಿ ತಮ್ಮ ಸಂಘಕ್ಕೆ ಇಟ್ಟುಕೊಂಡ ಹೆಸರು 'ಗಿನಿಪಿಗ್ ಕ್ಲಬ್'! ಜೇಮ್ಸ್ ನಿಕೋಲ್ಸನ್ 1940ರ ಆಗಸ್ಟ್ 16ರಂದು, ಉರಿಯುತ್ತಿದ್ದ ಹರಿಕೇನ್‌ನಲ್ಲೇ ಕುಳಿತು ಶತ್ರುವಿನ ಮೇಲೆ ಗುಂಡು ಹಾರಿಸಿ, ಆಮೇಲೆ ಜಿಗಿದರು. ಬ್ರಿಟನ್ನಿನ ಫೈಟರ್ ಕಮಾಂಡ್‌ಗೆ ಇಡೀ ಯುದ್ಧದಲ್ಲಿ ಸಂದ ಏಕೈಕ ವಿಕ್ಟೋರಿಯಾ ಕ್ರಾಸ್ ಅವರದು.

ಯುರೋಪಿನಲ್ಲಿ ಹಿಂದೆ ಬಿದ್ದ ಹರಿಕೇನ್‌ಗೆ ಬರ್ಮಾ ಗಡಿಯಲ್ಲಿ ಮತ್ತೆ ಕೆಲಸ ಸಿಕ್ಕಿತು. 1944ರಲ್ಲಿ ಜಪಾನೀಯರು ಇಂಫಾಲನ್ನು ಮುತ್ತಿದಾಗ ಭಾರತೀಯ ವಾಯುಪಡೆಯ ಒಂದನೇ ಸ್ಕ್ವಾಡ್ರನ್ ಹಾರಿಸಿದ್ದು ಇದನ್ನೇ. ಕಾಡುಗುಡ್ಡಗಳ ಮೇಲೆ ತಗ್ಗಿನಲ್ಲಿ ಹಾರಿ ಶತ್ರುವಿನ ಚಲನವಲನವನ್ನು ನೋಡಿ ಬರುವುದು ಅದರ ಪಾಲಿನ ಕೆಲಸ. ಆ ಸ್ಕ್ವಾಡ್ರನ್ನಿನ ನಾಯಕರಿಗೆ ಮೌಂಟ್‌ಬ್ಯಾಟನ್ ಡಿ.ಎಫ್.ಸಿ. ಪದಕ ತೊಡಿಸಿದರು. 1965ರ ಯುದ್ಧದಲ್ಲಿ ಭಾರತದ ವಾಯುಪಡೆಯ ಮುಖ್ಯಸ್ಥರಾಗಿದ್ದ ಅರ್ಜನ್ ಸಿಂಗ್ ಅವರೇ ಆ ನಾಯಕರು.