ಪಂಜರದ ಹೊರಗಿನವರು

(ತುಂಗಭದ್ರಾ ತೀರದ ಚೀಕಲಪರ್ವಿಯಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಸಹ್ಯಾದ್ರಿಯ ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಅಣೆಕಟ್ಟನ್ನು ದಾಟಿ, ವಿಜಯದಾಸರ ಜನ್ಮಸ್ಥಳವಾದ ಈ ಊರಿಗೆ ಬರುತ್ತವೆ. ಈ ನದಿಯಲ್ಲಿ ಮೊಸಳೆಗಳಿವೆ, ನೀರುನಾಯಿಗಳಿವೆ. ಬಟ್ಟೆ ಒಗೆಯುವವರು, ದನಗಳಿಗೆ ನೀರು ಕುಡಿಸುವವರು, ಬಲೆ ಬೀಸುವವರು ಎಲ್ಲರೂ ಇಳಿಯುವುದು ಇದೇ ನೀರಿಗೆ. ಇಂಥ ದಂಡೆಯಲ್ಲಿ ಕುಳಿತು ಸಾವಿರಾರು ಮೈಲಿ ದೂರದ ಬಿಳಿ ಶಾರ್ಕಿನ ವಿಚಾರವೇಕೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ಹಿಂಸ್ರ ಪ್ರಾಣಿಯನ್ನು ತೋರಿಸುವುದು ವ್ಯಾಪಾರವಾದಾಗ, ಅದರ ನೆರೆಯಲ್ಲಿ ದಿನವೂ ದುಡಿಯುವವರಿಗೆ ಏನಾಗುತ್ತದೆ ಎಂಬುದನ್ನು ಆ ದೂರದ ಕಡಲು ಈಗಾಗಲೇ ಕಂಡಿದೆ.

1963ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯದ ರಾಡ್ನಿ ಫಾಕ್ಸ್ ಎಂಬ ಯುವಕನನ್ನು, ಈಟಿಯಿಂದ ಮೀನು ಹಿಡಿಯುವ ಸ್ಪರ್ಧೆಯ ವೇಳೆ, ಬಿಳಿ ಶಾರ್ಕ್ ಕಚ್ಚಿತು. ನೂರಾರು ಹೊಲಿಗೆಗಳೊಂದಿಗೆ ಆತ ಬದುಕುಳಿದ. ಮುಂದೆ ಮೃಗಾಲಯದಲ್ಲಿ ಪಂಜರದ ಸಿಂಹವನ್ನು ಕಂಡಾಗ, ಮನುಷ್ಯನೇ ಪಂಜರದೊಳಗಿದ್ದು ಶಾರ್ಕನ್ನು ನೋಡಬಹುದಲ್ಲವೇ ಎಂದು ಅವನಿಗೆ ಹೊಳೆಯಿತು. ಕಚ್ಚಿಸಿಕೊಂಡವನೇ ಆ ಮೀನಿನ ಪರವಾಗಿ ಜೀವನಪೂರ್ತಿ ಮಾತನಾಡಿದನೆಂಬುದು ಸ್ಮರಣೀಯ.

ಆದರೆ ಶಾರ್ಕ್ ಕರೆದಾಗ ಬರುವ ಪ್ರಾಣಿಯಲ್ಲ. ಪ್ರವಾಸಿಗ ಹಣ ಕೊಟ್ಟು ಕಾದಿರುತ್ತಾನೆ. ಆದ್ದರಿಂದ ದೋಣಿಯಿಂದ ಮೀನಿನ ರಕ್ತ, ಎಣ್ಣೆ ಮತ್ತು ಅರೆದ ಮಾಂಸವನ್ನು ಸಮುದ್ರಕ್ಕೆ ಸುರಿಯುತ್ತಾರೆ. ಹಗ್ಗದ ತುದಿಗೆ ಮೀನಿನ ತುಂಡು ಕಟ್ಟಿ ಪಂಜರದ ಮುಂದೆ ಎಳೆದಾಡುತ್ತಾರೆ. ವಾಸನೆ ಹಿಡಿದು ಬಂದ ಶಾರ್ಕಿಗೆ ಹಲವು ಬಾರಿ ಶ್ರಮ ಮಾತ್ರ ಸಿಗುತ್ತದೆ, ಆಹಾರವಿಲ್ಲ. ದಕ್ಷಿಣ ಆಸ್ಟ್ರೇಲಿಯದ ನೆಪ್ಚೂನ್ ದ್ವೀಪಗಳಲ್ಲಿ, ಪ್ರವಾಸಗಳು ಹೆಚ್ಚಿದ ಬಳಿಕ ಶಾರ್ಕುಗಳು ಅಲ್ಲಿ ತಂಗುವ ಕಾಲವೂ ಹೆಚ್ಚಿತೆಂದು ಸಂಶೋಧಕರು ಕಂಡುಕೊಂಡರು. ಸರ್ಕಾರ ಪ್ರವಾಸದ ದಿನಗಳಿಗೆ ಮಿತಿ ಹಾಕಿತು. ಅಲ್ಲಿಯೇ ಮಾಂಸ ಸುರಿಯುವ ಬದಲು ನೀರಿನಡಿ ಅಬ್ಬರದ ಸಂಗೀತ ನುಡಿಸಿ ಶಾರ್ಕನ್ನು ಸೆಳೆಯುವವರೂ ಇದ್ದಾರೆ!

ನ್ಯೂಜಿಲೆಂಡಿನ ಸ್ಟುವರ್ಟ್ ದ್ವೀಪದ ಪ್ರಕರಣ ಇನ್ನೂ ಹತ್ತಿರದ್ದು. ಅಲ್ಲಿ ಪಾವಾ ಎಂಬ ಕಡಲಚಿಪ್ಪನ್ನು ಬಂಡೆಗಳಿಂದ ಕಿತ್ತು ಬದುಕುವ ಮುಳುಗುಗಾರರಿದ್ದಾರೆ. ಅವರಿಗೆ ಪಂಜರವಿಲ್ಲ. ದೋಣಿಯೆಂದರೆ ಆಹಾರ ಎಂದು ಶಾರ್ಕುಗಳು ಕಲಿಯುತ್ತಿವೆ, ಅವುಗಳ ವರ್ತನೆ ಬದಲಾಗಿದೆ, ಅಪಾಯ ತಮ್ಮ ಮೈಮೇಲೆ ಬಂದಿದೆ ಎಂಬುದು ಅವರ ದೂರು. ಅವರ ಸಂಘ ನ್ಯಾಯಾಲಯದ ಮೆಟ್ಟಿಲೇರಿತು. ಪಂಜರ ಪ್ರವಾಸವು ವನ್ಯಜೀವಿ ಕಾಯಿದೆಯಡಿ ಅಪರಾಧವೆಂದು 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಎರಡು ಕಡೆಯೂ ಚರ್ಚೆ ತಿರುಗಿದ್ದು ಕಾಯಿದೆಯಲ್ಲಿನ ‘ಬೇಟೆ’ ಎಂಬ ಪದದ ಸುತ್ತ. ಪಂಜರವಿಲ್ಲದೆ ಮುಳುಗುವವನ ಭಯಕ್ಕೆ ಆ ಪದದೊಳಗೆ ಜಾಗವೆಲ್ಲಿ?

ಪ್ರವಾಸದಿಂದ ಒಳಿತೇ ಆಗಿಲ್ಲವೆಂದರೆ ಅನ್ಯಾಯವಾದೀತು. 1991ರಲ್ಲಿ ಬಿಳಿ ಶಾರ್ಕಿಗೆ ಜಗತ್ತಿನಲ್ಲೇ ಮೊದಲು ಕಾನೂನಿನ ರಕ್ಷಣೆ ನೀಡಿದ ದಕ್ಷಿಣ ಆಫ್ರಿಕದಲ್ಲಿ, ಸತ್ತ ಶಾರ್ಕಿಗಿಂತ ಬದುಕಿರುವ ಶಾರ್ಕಿಗೆ ಬೆಲೆ ಬಂದದ್ದು ಪ್ರವಾಸಿಗರಿಂದಲೇ. ಆದರೆ ಅಲ್ಲಿನ ಗಾನ್ಸ್‌ಬಾಯಿ ಪಟ್ಟಣದ ಪಾಡು ನೋಡಿ. 2017ರಲ್ಲಿ ಯಕೃತ್ತಿಲ್ಲದ ಶಾರ್ಕ್ ಶವಗಳು ದಡಕ್ಕೆ ಬಂದವು. ಓರ್ಕಾ ತಿಮಿಂಗಿಲಗಳ ಕೃತ್ಯವದು. ಉಳಿದ ಶಾರ್ಕುಗಳು ಕ್ರಮೇಣ ಆ ಕೊಲ್ಲಿಯನ್ನೇ ತೊರೆದವು. ಒಂದೇ ಪ್ರಾಣಿಯ ದರ್ಶನಕ್ಕೆ ಅನ್ನವನ್ನು ಕಟ್ಟಿಕೊಂಡ ಊರು ಕೈಚೆಲ್ಲಿ ಕೂರಬೇಕಾಯಿತು.

ಭಾರತದಲ್ಲಿ ಬೇರೊಂದು ದಾರಿಯೂ ತೆರೆದಿದೆ. ಗುಜರಾತಿನ ಕರಾವಳಿಯಲ್ಲಿ ತಿಮಿಂಗಿಲ ಶಾರ್ಕನ್ನು ಯಕೃತ್ತಿನ ಎಣ್ಣೆಗಾಗಿ ಕೊಲ್ಲುತ್ತಿದ್ದರು. ಆ ಎಣ್ಣೆ ಮರದ ದೋಣಿಗಳಿಗೆ ಬಳಿಯಲು. 2001ರಲ್ಲಿ ಅದು ವನ್ಯಜೀವಿ ಕಾಯಿದೆಯ ಮೊದಲ ಅನುಸೂಚಿಗೆ ಸೇರಿತು. ಕಾಯಿದೆಯೊಂದರಿಂದಲೇ ಕೆಲಸವಾಗಲಿಲ್ಲ. ಕಥಾಪ್ರವಚನಕಾರ ಮೊರಾರಿ ಬಾಪು, ತವರಿಗೆ ಹೆರಿಗೆಗೆ ಬರುವ ಮಗಳಿಗೆ ಆ ಮೀನನ್ನು ಹೋಲಿಸಿದರು. ಬಲೆಗೆ ಸಿಕ್ಕ ಮೀನನ್ನು ಬಿಡಿಸಲು ಮೀನುಗಾರರು ತಮ್ಮ ಬಲೆಯನ್ನೇ ಕತ್ತರಿಸಿದರು. ಹಾಳಾದ ಬಲೆಗೆ ಪರಿಹಾರವೂ ದೊರೆಯಿತು. ಉತ್ತರ ಕನ್ನಡದ ನೇತ್ರಾಣಿ ದ್ವೀಪದ ಸುತ್ತ ಮುಳುಗುವ ಪ್ರವಾಸಿಗರಿಗೂ ಅದೃಷ್ಟವಿದ್ದರೆ ಈ ಮೀನು ಕಾಣಿಸುತ್ತದೆ. ಅಲ್ಲಿ ಪಂಜರವಿಲ್ಲ.

ತುಂಗಭದ್ರೆಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ನೋಡುವವರು ಬರುತ್ತಾರೆ, ಬರಲಿ. ಹರಿಗೋಲು ಹಾಕುವವರಿಗೆ ನಾಲ್ಕು ಕಾಸು ಸಿಗಲಿ. ಆದರೆ ಮೊಸಳೆಯನ್ನು ತೋರಿಸಲೆಂದು ಯಾರಾದರೂ ಕೋಳಿಯ ಕರುಳನ್ನು ನೀರಿಗೆಸೆಯುವ ದಿನ ಬಂದರೆ, ಮರುದಿನ ಬೆಳಗ್ಗೆ ಅದೇ ಮೆಟ್ಟಿಲಲ್ಲಿ ಕೊಡ ಮುಳುಗಿಸುವವಳು ಇದೇ ಊರಿನ ಹೆಣ್ಣುಮಗಳು. ಅನುಮತಿ ಪತ್ರಕ್ಕೆ ಅಧಿಕಾರಿಯ ಸಹಿ ಬೀಳುವ ಮುನ್ನ ಅವಳನ್ನು ಕೇಳಬೇಕು, ಗ್ರಾಮಸಭೆಯಲ್ಲಿ, ದಾಖಲೆಯಾಗುವಂತೆ.